ಪರದೇಶದ ಹಾಲಿನ ಪುಡಿಗೂ ನಿಮ್ಮ ಕ್ಯಾನಿನ ಹಾಲಿಗೂ ಏನು ಸಂಬಂಧ?

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಹಾಲು ಉತ್ಪಾದಕ ತಾಯಂದಿರೇ, ಅಕ್ಕಂದಿರೇ,

ಇತ್ತೀಚೆಗೆ ಟಿ.ವಿ. ಹಾಕಿದರೆ ಸುಂಕದ್ದೇ ಸುದ್ದಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಸರಕುಗಳ ಮೇಲೆ ಮೊದಲು ಶೇ 25, ಅದೇ ತಿಂಗಳ ಕೊನೆಗೆ ಇನ್ನೂ ಶೇ 25 ಸುಂಕ ಹಾಕಿತು. ಅದರ ಜೊತೆಯಲ್ಲೇ ಒಂದು ಮಾತು ಮತ್ತೆ ಮತ್ತೆ ಕೇಳಿಬಂತು: ಭಾರತ ತನ್ನ ಹಾಲಿನ ಮಾರುಕಟ್ಟೆಯನ್ನು ತೆರೆಯಬೇಕು ಎಂದು ಅವರು ಕೇಳುತ್ತಿದ್ದಾರೆ, ನಮ್ಮವರು ಒಪ್ಪುತ್ತಿಲ್ಲ ಎಂದು. ಲಸಿಕೆ ಶಿಬಿರಗಳಲ್ಲಿ, ಡೈರಿ ಮುಂದೆ ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದ್ದೀರಿ: "ಡಾಕ್ಟ್ರೇ, ಅಮೆರಿಕದ ಹಾಲು ನಮ್ಮೂರಿಗೆ ಬರುತ್ತಂತೆ ಹೌದಾ? ನಮ್ಮ ರೇಟು ಇಳಿಯುತ್ತಾ?"

ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವಂತಿಲ್ಲ. ಒಂದು ಹಸು, ಎರಡು ಎಮ್ಮೆ ಕಟ್ಟಿಕೊಂಡಿರುವ ಮನೆಗೆ ಡೆಲ್ಲಿಯಲ್ಲಿ ತೀರ್ಮಾನವಾಗುವ ಸುಂಕ ಹೇಗೆ ತಟ್ಟುತ್ತದೆ, ಅದನ್ನು ತಡೆದುಕೊಳ್ಳಲು ನಿಮ್ಮ ಸಂಘ, ಒಕ್ಕೂಟ, ಮಹಾಮಂಡಳಿ ಏನು ಮಾಡುತ್ತವೆ, ಅದರಲ್ಲಿ ನಿಮ್ಮ ಕೈಯಲ್ಲಿರುವ ಕೆಲಸ ಯಾವುದು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಸುಂಕದ ಪಾಠ ನಮ್ಮ ಎರಡು ತಾಲ್ಲೂಕಿಗೆ ಹೊಸದಲ್ಲ

ಪರದೇಶದ ಸರಕು ನಮ್ಮ ಬಂದರಿಗೆ ಬಂದಾಗ ಅದರ ಬೆಲೆಯ ಮೇಲೆ ಸರ್ಕಾರ ಹಾಕುವ ತೆರಿಗೆಯೇ ಆಮದು ಸುಂಕ. ಸುಂಕ ಹೆಚ್ಚಿದ್ದರೆ ಪರದೇಶದ ಸರಕು ದುಬಾರಿಯಾಗುತ್ತದೆ, ಕಡಿಮೆ ಮಾಡಿದರೆ ಅಗ್ಗವಾಗುತ್ತದೆ. ಇದರಿಂದ ಏನಾಗುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮೊಳಕಾಲ್ಮೂರಿನ ರೇಷ್ಮೆಯನ್ನೇ ತೆಗೆದುಕೊಳ್ಳಿ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಚೀನಾದ ನೂಲು ಅಗ್ಗವಾಯಿತು, ರಾಜ್ಯದ ಮಾರುಕಟ್ಟೆಗಳಲ್ಲಿ ಗೂಡಿನ ಬೆಲೆ ಕುಸಿಯಿತು. ರೇಷ್ಮೆ ಬೆಳೆಗಾರರು, ನೂಲು ಬಿಚ್ಚುವವರು ಸಂಘಟಿತರಾಗಿ ಕೂಗೆಬ್ಬಿಸಿದ ಮೇಲೆ 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಬಜೆಟ್‌ನಲ್ಲಿ ಬಂದದ್ದು ಒಂದು ಸಾಲು. ಹಿಪ್ಪುನೇರಳೆ ಹಾಕಿದವರ ಎರಡು ವರ್ಷದ ಬಾಳು ಅದರ ಮೇಲೆ ನಿಂತಿತ್ತು.

ಚಳ್ಳಕೆರೆಗೆ ಎಣ್ಣೆ ಊರು ಎಂದೇ ಹೆಸರಿತ್ತು. ಶೇಂಗಾ ಬೆಳೆದವರಿಗೆ ಊರಿನ ಮಿಲ್ಲುಗಳೇ ಮಾರುಕಟ್ಟೆ. 1994ರಲ್ಲಿ ತಾಳೆ ಎಣ್ಣೆಯನ್ನು ಯಾರು ಬೇಕಾದರೂ ತರಿಸಬಹುದು ಎಂದಾದಾಗ ಅದರ ಮೇಲೆ ಶೇ 65 ಸುಂಕವಿತ್ತು. ನಾಲ್ಕೇ ವರ್ಷದಲ್ಲಿ ಅದು ಶೇ 15ಕ್ಕೆ ಇಳಿಯಿತು. ಅಂಗಡಿಯಲ್ಲಿ ತಾಳೆ ಎಣ್ಣೆಯ ಪ್ಯಾಕೆಟ್ ತುಂಬಿತು. ಮಳೆ ಕೈಕೊಟ್ಟದ್ದು, ಶೇಂಗಾ ಇಳುವರಿ ಬಿದ್ದದ್ದು ಬೇರೆ. ಎಲ್ಲವೂ ಸೇರಿ ಎಷ್ಟೋ ಮಿಲ್ಲುಗಳು ಬಾಗಿಲು ಮುಚ್ಚಿದವು. ಮಿಲ್ಲು ನಿಂತರೆ ಎಣ್ಣೆ ಜೊತೆಗೆ ಹಿಂಡಿಯೂ ನಿಲ್ಲುತ್ತದೆ. ಹಸುವಿನ ಮೇವಿನ ಖರ್ಚು ಏರುತ್ತದೆ. ಈಗಲೂ ಈ ಆಟ ನಿಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿದರು. 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸಿದರು.

ರೇಷ್ಮೆ, ಎಣ್ಣೆ ಎರಡರಲ್ಲೂ ಸುಂಕದ ಏರಿಳಿತ ಕಂಡ ಸೀಮೆ ನಮ್ಮದು. ಈಗ ಪ್ರಶ್ನೆ ಹಾಲಿನದು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಿವು. ಶೇಂಗಾ ಹೋದ ವರ್ಷವೂ ಮನೆಗೆ ಅಕ್ಕಿ ತಂದಿದ್ದು, ಮಕ್ಕಳ ಫೀಸು ಕಟ್ಟಿದ್ದು ಹಾಲಿನ ಬಟವಾಡೆ. ಅದಕ್ಕೇ ಈ ಸುದ್ದಿಯನ್ನು ದೂರದ ಸುದ್ದಿ ಎಂದು ಬಿಡುವಂತಿಲ್ಲ.

ಹಾಲು ಬರುವುದಿಲ್ಲ, ಪುಡಿ ಬರುತ್ತದೆ

ಅಮೆರಿಕದಿಂದಲೋ ನ್ಯೂಜಿಲೆಂಡ್‌ನಿಂದಲೋ ಹಸಿ ಹಾಲನ್ನು ಹಡಗಿನಲ್ಲಿ ತಂದು ಮಾರಿದರೆ ಗಿಟ್ಟುವುದಿಲ್ಲ. ಬರುವುದು ಪುಡಿ, ಬೆಣ್ಣೆ, ಚೀಸ್. ಅದರಲ್ಲಿ ನಮಗೆ ಹೆಚ್ಚು ತಾಗುವುದು ಕೆನೆ ತೆಗೆದ ಹಾಲಿನ ಪುಡಿ. ಇವತ್ತು ನಮ್ಮ ದೇಶದಲ್ಲಿ ಅದರ ಮೇಲೆ ಶೇ 60 ಸುಂಕವಿದೆ. ಬೆಣ್ಣೆಗೆ ಶೇ 40, ಚೀಸ್‌ಗೆ ಶೇ 30.

ಲೆಕ್ಕ ಮಾಡಿ ನೋಡೋಣ. ಇದು ಅರ್ಥವಾಗಲೆಂದು ಹಿಡಿದ ಅಂಕಿ, ಇವತ್ತಿನ ಪೇಟೆ ಧಾರಣೆ ಅಲ್ಲ. ಪರದೇಶದ ಪುಡಿ ನಮ್ಮ ಬಂದರಿಗೆ ಕಿಲೋಗೆ 250 ರೂಪಾಯಿಗೆ ಬಂದು ಬಿತ್ತು ಎನ್ನಿ. ಶೇ 60 ಸುಂಕ ಸೇರಿದರೆ 400 ರೂಪಾಯಿ. ನಮ್ಮ ಒಕ್ಕೂಟಗಳ ಪುಡಿ 300 ರೂಪಾಯಿಗೆ ಸಿಗುತ್ತಿದ್ದರೆ ಐಸ್‌ಕ್ರೀಮ್, ಬಿಸ್ಕತ್ತು, ಸಿಹಿತಿಂಡಿ ಮಾಡುವವರು ನಮ್ಮದನ್ನೇ ಕೊಳ್ಳುತ್ತಾರೆ. ಸುಂಕ ತೆಗೆದರೆ ಅದೇ ಪುಡಿ 250ಕ್ಕೇ ಸಿಗುತ್ತದೆ. ಆಗ ನಮ್ಮದನ್ನೂ 250ಕ್ಕೆ ಇಳಿಸಬೇಕು, ಇಲ್ಲವೇ ಗೋದಾಮಿನಲ್ಲಿ ಇಟ್ಟುಕೊಳ್ಳಬೇಕು.

ಒಂದು ಕಿಲೋ ಪುಡಿಗೆ ಸುಮಾರು 11 ಲೀಟರ್ ಕೆನೆ ತೆಗೆದ ಹಾಲು ಬೇಕು. ಕಿಲೋಗೆ 50 ರೂಪಾಯಿ ಹೋದರೆ ಲೀಟರಿಗೆ ನಾಲ್ಕೂವರೆ ರೂಪಾಯಿ ಹೋದಂತೆ. ಸರ್ಕಾರ ನಿಮ್ಮ ಖಾತೆಗೆ ಹಾಕುವ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅಷ್ಟೂ ಹೆಚ್ಚುಕಡಿಮೆ ಅಲ್ಲಿಗೇ ಸರಿ. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,350 ರೂಪಾಯಿ.

ಎಲ್ಲ ಹಾಲೂ ಪುಡಿಯಾಗುವುದಿಲ್ಲ, ಹೆಚ್ಚಿನದು ಪ್ಯಾಕೆಟ್‌ನಲ್ಲಿ, ಮೊಸರಿನಲ್ಲಿ ಹೋಗುತ್ತದೆ ಎಂಬುದು ನಿಜ. ಆದರೆ ಹಸಿರು ಮೇವು ಸಿಗುವ ತಿಂಗಳುಗಳಲ್ಲಿ ಮಿಕ್ಕಿದ ಹಾಲಿಗೆ ಪುಡಿಯೇ ದಾರಿ. ಆ ದಾರಿಯಲ್ಲಿ ನಷ್ಟವಾದರೆ ಇಡೀ ಹಾಲಿನ ರೇಟನ್ನು ಹಿಡಿದು ನಿಲ್ಲಿಸುವುದು ಒಕ್ಕೂಟಕ್ಕೆ ಕಷ್ಟವಾಗುತ್ತದೆ.

ಅವರು ಅಷ್ಟು ಅಗ್ಗವಾಗಿ ಹೇಗೆ ಮಾಡುತ್ತಾರೆ ಎಂದು ಕೇಳಬಹುದು. ನ್ಯೂಜಿಲೆಂಡ್‌ನಲ್ಲಿ ಒಂದು ಫಾರಂನ ಹಿಂಡಿನಲ್ಲಿ ಸರಾಸರಿ 400ಕ್ಕೂ ಹೆಚ್ಚು ಹಸುಗಳಿವೆ. ವರ್ಷವಿಡೀ ಮೇಯುವ ಹುಲ್ಲುಗಾವಲು ಇದೆ. ಜನ ಕಡಿಮೆ, ಆದ್ದರಿಂದ ಕರೆದ ಹಾಲಿನಲ್ಲಿ ಬಹುಪಾಲು ಹೊರದೇಶಕ್ಕೇ ಹೋಗಬೇಕು. ಅಮೆರಿಕ, ಯುರೋಪಿನಲ್ಲಿ ಸರ್ಕಾರಗಳು ರೈತರಿಗೆ ದೊಡ್ಡ ಮೊತ್ತದ ನೆರವು ಕೊಡುತ್ತವೆ. ನಮ್ಮದು ಎರಡು ಮೂರು ರಾಸಿನ ಮನೆಗಳ ದೇಶ. ಹಾಗಿದ್ದೂ 2023–24ರಲ್ಲಿ ದೇಶದ ಹಾಲಿನ ಉತ್ಪಾದನೆ 23.9 ಕೋಟಿ ಟನ್. ಪ್ರಪಂಚದ ಒಟ್ಟು ಹಾಲಿನಲ್ಲಿ ಸುಮಾರು ಕಾಲು ಭಾಗ.

ಬಾಗಿಲು ತೆರೆದಿದ್ದ ಕಾಲವೂ ಇತ್ತು

ಈ ಶೇ 60 ಸುಂಕ ಮೊದಲಿಂದ ಇದ್ದದ್ದಲ್ಲ. ಹಳೆಯ ಅಂತರರಾಷ್ಟ್ರೀಯ ಒಪ್ಪಂದವೊಂದರಲ್ಲಿ ಹಾಲಿನ ಪುಡಿಗೆ ಸುಂಕವನ್ನೇ ಹಾಕುವುದಿಲ್ಲ ಎಂದು ಭಾರತ ಮಾತು ಕೊಟ್ಟಿತ್ತು. ಆಗ ನಮ್ಮಲ್ಲಿ ಹಾಲಿಗೇ ಕೊರತೆ, ಹೊರಗಿನ ಪುಡಿ ಬೇಕಿತ್ತು. ಮುಂದೆ ಕ್ಷೀರ ಕ್ರಾಂತಿಯಾಗಿ ನಮ್ಮ ಹಾಲೇ ಹೆಚ್ಚಿದರೂ ಆ ಹಳೆಯ ಮಾತು ಹಾಗೇ ಉಳಿದಿತ್ತು. 1999ರ ಹೊತ್ತಿಗೆ ಯುರೋಪಿನ ಅಗ್ಗದ ಪುಡಿ ಸುಂಕವಿಲ್ಲದೆ ಬರತೊಡಗಿತು. ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಂತೆ ಮತ್ತೆ ಮಾತುಕತೆಗೆ ಕುಳಿತು 2000ದಲ್ಲಿ ಹೊಸ ಲೆಕ್ಕ ಮಾಡಿಕೊಂಡಿತು: ವರ್ಷಕ್ಕೆ 10,000 ಟನ್‌ವರೆಗೆ ಶೇ 15 ಸುಂಕ, ಅದಕ್ಕಿಂತ ಹೆಚ್ಚು ತಂದರೆ ಶೇ 60.

10,000 ಟನ್ ಎಂದರೆ ಎಷ್ಟು? ಸುಮಾರು 11 ಕೋಟಿ ಲೀಟರ್ ಹಾಲಿನ ಪುಡಿ. ಕರ್ನಾಟಕದ ಎಲ್ಲ ಒಕ್ಕೂಟಗಳ ಸಂಗ್ರಹ 2024ರ ಜೂನ್ ಕೊನೆಗೆ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತು. ಅಂದರೆ ಇಡೀ ರಾಜ್ಯದ 11 ದಿನದ ಹಾಲು.

ಎರಡನೇ ಪರೀಕ್ಷೆ ಬಂದದ್ದು 2019ರಲ್ಲಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಸೇರಿ 16 ದೇಶಗಳ ಆರ್‌ಸಿಇಪಿ ಎಂಬ ಒಪ್ಪಂದಕ್ಕೆ ಭಾರತವೂ ಸಹಿ ಹಾಕುವ ಮಾತಿತ್ತು. ಹಾಕಿದ್ದರೆ ಹಾಲಿನ ಪದಾರ್ಥಗಳ ಸುಂಕ ಕರಗುವ ಭಯವಿತ್ತು. ದೇಶದ ಹಾಲು ಸಹಕಾರ ಸಂಸ್ಥೆಗಳು ಲೆಕ್ಕಪತ್ರ ಹಿಡಿದು ಸರ್ಕಾರದ ಮುಂದೆ ಹೋದವು. ಕರ್ನಾಟಕದಲ್ಲೂ ರೈತ ಸಂಘಟನೆಗಳು ಬೀದಿಗಿಳಿದವು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ತಾನು ಸೇರುವುದಿಲ್ಲ ಎಂದು ಹೇಳಿತು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿಕೊಂಡವು.

ಆಮೇಲೆ ಆದ ಒಪ್ಪಂದಗಳಲ್ಲಿ ಹಾಲಿಗೆ ಬೇರೆಯೇ ಗೆರೆ ಎಳೆಯುತ್ತಾ ಬಂದಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಲ್ಲಿ, 2025ರ ಜುಲೈನಲ್ಲಿ ಸಹಿಯಾದ ಬ್ರಿಟನ್ ಒಪ್ಪಂದದಲ್ಲಿ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಸುಂಕ ವಿನಾಯಿತಿಯಿಂದ ಹೊರಗಿಟ್ಟಿದ್ದಾರೆ. ಇದು ತಾನಾಗಿ ಆದದ್ದಲ್ಲ. ಪ್ರತಿ ಮಾತುಕತೆಯ ಮೊದಲೂ ಯಾರಾದರೂ ಹೋಗಿ "ಇದರಿಂದ ಇಷ್ಟು ಮನೆಗೆ ಇಷ್ಟು ನಷ್ಟ" ಎಂದು ಹೇಳಬೇಕು. ಪ್ರತಿ ಹೊಸ ಒಪ್ಪಂದದಲ್ಲಿ ಈ ಪ್ರಶ್ನೆ ಮತ್ತೆ ಏಳುತ್ತದೆ.

ಮಿಲ್ ಮಾಲೀಕರಿಗೊಂದು ಸಂಘ, ನಿಮಗೊಂದು ಸಂಘ

ವ್ಯಾಪಾರಸ್ಥರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಸರ್ ಎಂ. ವಿಶ್ವೇಶ್ವರಯ್ಯ ಅವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಇವತ್ತಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ ಅದೇ. ಬಜೆಟ್‌ಗೆ ಮೊದಲು ಸರ್ಕಾರಕ್ಕೆ ಮನವಿ ಕೊಡುವುದು, ಸುಂಕ ಬದಲಾದರೆ ಸದಸ್ಯರಿಗೆ ತಿಳಿಸುವುದು, ರಫ್ತಿನ ಕಾಗದಪತ್ರ ಹೇಳಿಕೊಡುವುದು ಇಂಥ ಸಂಸ್ಥೆಗಳ ಕೆಲಸ. ಒಬ್ಬ ಮಿಲ್ ಮಾಲೀಕ ಒಬ್ಬನೇ ಹೋಗಿ ಡೆಲ್ಲಿಯಲ್ಲಿ ಮಾತಾಡಲಾಗದು.

ನಿಮ್ಮ ವಾಣಿಜ್ಯ ಮಂಡಳಿ ನಿಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘ. ಸಂಘಗಳು ಸೇರಿ ಜಿಲ್ಲಾ ಒಕ್ಕೂಟ, ಒಕ್ಕೂಟಗಳು ಸೇರಿ ಕರ್ನಾಟಕ ಹಾಲು ಮಹಾಮಂಡಳಿ. ನಮ್ಮ ಚಿತ್ರದುರ್ಗ ಜಿಲ್ಲೆ ಶಿವಮೊಗ್ಗ, ದಾವಣಗೆರೆ ಜೊತೆ ಒಂದೇ ಒಕ್ಕೂಟದಲ್ಲಿದೆ. 1974ರಲ್ಲಿ ಹೈನು ಅಭಿವೃದ್ಧಿ ನಿಗಮವಾಗಿ ಶುರುವಾದದ್ದು 1984ರಲ್ಲಿ ಮಹಾಮಂಡಳಿಯಾಯಿತು. ಅದರಾಚೆ ದೇಶದ ಮಟ್ಟದಲ್ಲಿ 1965ರಲ್ಲಿ ಆಣಂದ್‌ನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಇದೆ.

ಸುಂಕದ ಹೊಡೆತ ಬರುವ ಮೊದಲು ಈ ಸರಪಳಿ ಮಾಡುವ ಕೆಲಸ ಮೂರು ಬಗೆ.

ಒಂದು, ದನಿ. ಎಷ್ಟು ಮನೆ, ಎಷ್ಟು ಹಾಲು, ಎಷ್ಟು ಖರ್ಚು ಎಂಬ ಲೆಕ್ಕ ಸರ್ಕಾರದ ಮುಂದೆ ಇಡುವುದು. ಆ ಲೆಕ್ಕ ಹುಟ್ಟುವುದು ನಿಮ್ಮ ಸಂಘದ ಕಂಪ್ಯೂಟರಿನಲ್ಲಿ. ಯಾರ ಹೆಸರಿನಲ್ಲಿ ಹಾಲು ದಾಖಲಾಗುತ್ತದೋ ಅವರೇ ಆ ಲೆಕ್ಕದಲ್ಲಿ ಉತ್ಪಾದಕರು.

ಎರಡು, ತಡೆಗೋಡೆ. ಹಾಲು ಹೆಚ್ಚಾದ ದಿನ ಖಾಸಗಿಯವರು "ಬೇಡ" ಎನ್ನಬಹುದು, ಸಂಘ ಅನ್ನುವುದಿಲ್ಲ. ಮಿಕ್ಕ ಹಾಲನ್ನು ಪುಡಿ, ಬೆಣ್ಣೆ ಮಾಡಿ ಇಡುತ್ತದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಲ್ಲಿ ನಿಮ್ಮ ಮಕ್ಕಳು ಶಾಲೆಯಲ್ಲಿ ಕುಡಿಯುವ ಹಾಲು ಈ ಪುಡಿಯಿಂದಲೇ ಆಗುತ್ತದೆ. ಪರದೇಶದಲ್ಲಿ ಪುಡಿ ಧಾರಣೆ ಬಿದ್ದ ವರ್ಷವೂ ನಮ್ಮ ಪುಡಿಗೆ ಊರಲ್ಲೇ ಒಂದು ಗಿರಾಕಿ ಇದ್ದಂತಾಯಿತು.

ಮೂರು, ತಯಾರಿ. ಹಾಲು ಪರೀಕ್ಷೆ, ಶೀತಲೀಕರಣ, ಲಸಿಕೆ, ಪಶು ಆಹಾರ, ತರಬೇತಿ. ಇದು ಸುಂಕಕ್ಕೆ ಸಂಬಂಧವಿಲ್ಲ ಎನಿಸಬಹುದು. ಆದರೆ ಪಶುವೈದ್ಯೆಯಾಗಿ ನಾನು ಹೇಳಬೇಕಾದ ಮುಖ್ಯ ಮಾತು ಇರುವುದೇ ಇಲ್ಲಿ.

ಸುಂಕಕ್ಕಿಂತ ಗಟ್ಟಿಯಾದ ಬೇಲಿ

ಸುಂಕ ಒಂದು ಅಧಿಸೂಚನೆಯಲ್ಲಿ ಏರುತ್ತದೆ, ಒಂದು ಅಧಿಸೂಚನೆಯಲ್ಲಿ ಇಳಿಯುತ್ತದೆ. ಅದಕ್ಕಿಂತ ಗಟ್ಟಿಯಾದ ಬೇಲಿ ಆರೋಗ್ಯ ಮತ್ತು ಗುಣಮಟ್ಟದ್ದು. ಪರದೇಶದ ಹಾಲಿನ ಪದಾರ್ಥ ನಮ್ಮಲ್ಲಿಗೆ ಬರಬೇಕಾದರೆ, ಆ ಹಸುಗಳಿಗೆ ದನ, ಕುರಿಗಳಂಥ ಮೆಲುಕು ಹಾಕುವ ಪ್ರಾಣಿಗಳ ರಕ್ತ, ಮಾಂಸ, ಒಳಾಂಗದಿಂದ ಮಾಡಿದ ಆಹಾರ ತಿನ್ನಿಸಿಲ್ಲ ಎಂದು ಅಲ್ಲಿನ ಪಶುವೈದ್ಯರು ಬರೆದುಕೊಡಬೇಕು. ಅಮೆರಿಕದ ಜೊತೆ ವರ್ಷಗಳಿಂದ ತಕರಾರು ಇರುವುದು ಇದರ ಮೇಲೂ ಹೌದು.

ಆದರೆ ಬೇಲಿ ಎರಡೂ ಕಡೆಯವರದು. ನಮ್ಮ ತುಪ್ಪ, ಪುಡಿ ಹೊರಗೆ ಹೋಗಬೇಕಾದರೆ ಅವರೂ ಪರೀಕ್ಷೆ ಮಾಡುತ್ತಾರೆ. ಅಷ್ಟೇ ಅಲ್ಲ, ಬೆಂಗಳೂರಿನ ಗಿರಾಕಿಯೂ ನಾಳೆ ಪ್ಯಾಕೆಟ್ ತಿರುಗಿಸಿ ಓದುತ್ತಾಳೆ. ಪರದೇಶದ ಪುಡಿ ಅಗ್ಗವಾಗಿ ಬಂದರೂ "ನಂದಿನಿಯೇ ಇರಲಿ" ಎಂದು ಅವಳು ಹೇಳುವಂತಿದ್ದರೆ ಸುಂಕ ಇಳಿದ ದಿನವೂ ನಾವು ಉಳಿಯುತ್ತೇವೆ. ಅದಕ್ಕೆ ನಮ್ಮ ಸೀಮೆಯಲ್ಲಿ ಮೂರು ಕೆಲಸ ತುರ್ತಾಗಿ ಆಗಬೇಕು.

ಶೇಂಗಾ ಹಿಂಡಿಯ ಬೂಷ್ಟು. ತೇವ ತಾಗಿ ಬೂಷ್ಟು ಹಿಡಿದ ಶೇಂಗಾ ಮತ್ತು ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಸು ಅದನ್ನು ತಿಂದರೆ ಒಂದು ದಿನದೊಳಗೆ ಅದರ ಸ್ವಲ್ಪ ಪಾಲು ಹಾಲಿಗೆ ಇಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ಪುಡಿ ಮಾಡಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಿತಿ. ಯುರೋಪಿನ ಮಿತಿ 0.05, ಅಂದರೆ ಹತ್ತು ಪಟ್ಟು ಬಿಗಿ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಮನೆಯ ಹಿಂಡಿ ಕೆಟ್ಟಿದ್ದರೆ ಅದು ಇಡೀ ಊರಿನ ಟ್ಯಾಂಕಿನ ಹಾಲಿಗೆ ಸೇರುತ್ತದೆ. ಆದ್ದರಿಂದ ಹಿಂಡಿ ಚೀಲವನ್ನು ನೆಲಕ್ಕೆ ಇಡಬೇಡಿ, ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ಮಳೆಗಾಲಕ್ಕೆಂದು ಮೂರು ತಿಂಗಳ ಹಿಂಡಿ ಒಟ್ಟಿಗೆ ಕೊಂಡು ಪೇರಿಸಬೇಡಿ. ಮುಗ್ಗು ವಾಸನೆ ಬಂದರೆ, ಹಸಿರು ಹಳದಿ ಬೂಷ್ಟು ಕಂಡರೆ, ಬಿಸಿಲಿಗೆ ಹಾಕಿ ತಿನ್ನಿಸುವ ಯೋಚನೆ ಬೇಡ. ಬಿಸಿಲಿಗೆ ಬೂಷ್ಟು ಒಣಗುತ್ತದೆ, ವಿಷ ಹೋಗುವುದಿಲ್ಲ. ಕೆಟ್ಟ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನದಲ್ಲಿ ಹಾಲು ಶುದ್ಧವಾಗುತ್ತದೆ. ಹುಳಿತ ಶೇಂಗಾ ಹೊಟ್ಟಿಗೂ ಇದೇ ಮಾತು.

ಕೆಚ್ಚಲು ಬಾವಿನ ಔಷಧಿ. ಸೂಜಿ ಹಾಕಿಸಿದ, ಕೆಚ್ಚಲಿಗೆ ಟ್ಯೂಬ್ ಏರಿಸಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ. ಆ ನಾಲ್ಕು ದಿನದ ದುಡ್ಡು ಹೋಗುತ್ತದೆ, ಸಂಕಟವಾಗುತ್ತದೆ ಎಂದು ನನಗೆ ಗೊತ್ತು. ಆದರೆ ಔಷಧಿ ಬೆರೆತ ಹಾಲು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತಿರಸ್ಕಾರವಾಗುವುದು ಒಬ್ಬರ ಕ್ಯಾನ್ ಅಲ್ಲ, ಟ್ಯಾಂಕರ್. ಚಿಕಿತ್ಸೆ ಮಾಡಿಸಿದಾಗ "ಎಷ್ಟು ದಿನ ಹಾಲು ಹಾಕಬಾರದು?" ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಕಾಲುಬಾಯಿ ಜ್ವರ. ಈ ರೋಗ ಇರುವ ದೇಶದ ಹಾಲು, ಮಾಂಸ, ರಾಸುಗಳನ್ನು ಕೊಳ್ಳಲು ಬೇರೆ ದೇಶಗಳು ಹಿಂಜರಿಯುತ್ತವೆ. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಉಚಿತ ಲಸಿಕೆ ಹಾಕುತ್ತಿದ್ದೇವೆ. 2030ರೊಳಗೆ ರೋಗವನ್ನೇ ನಿರ್ಮೂಲ ಮಾಡುವುದು ಗುರಿ. ಲಸಿಕೆ ಹಾಕಿದರೆ ಎರಡು ದಿನ ಹಾಲು ಕಡಿಮೆಯಾಗುತ್ತದೆ ಎಂದು ರಾಸನ್ನು ಹೊಲಕ್ಕೆ ಹೊಡೆದುಬಿಡುವವರು ಇನ್ನೂ ಇದ್ದಾರೆ. ರೋಗ ಬಂದರೆ ಕಡಿಮೆಯಾಗುವುದು ಎರಡು ದಿನದ ಹಾಲಲ್ಲ, ಆ ಸೂಲೇ ಕೈತಪ್ಪಬಹುದು. ಕಿವಿಯ 12 ಅಂಕಿಯ ಓಲೆಯನ್ನು ಕತ್ತರಿಸಬೇಡಿ; ಲಸಿಕೆ, ಕೃತಕ ಗರ್ಭಧಾರಣೆ ಎಲ್ಲವೂ ಆ ಅಂಕಿಯ ಮೇಲೆ ದಾಖಲಾಗುತ್ತದೆ. ನಾವು ಆಂಧ್ರದ ಗಡಿಯಲ್ಲಿದ್ದೇವೆ. ರಾಯದುರ್ಗ, ಕಲ್ಯಾಣದುರ್ಗದ ಕಡೆಯಿಂದ ರಾಸು ತರುವುದಕ್ಕೆ ಸುಂಕವಿಲ್ಲ, ರೋಗಕ್ಕೂ ಗಡಿಯಿಲ್ಲ. ಎಲ್ಲಿಂದ ತಂದರೂ ಹೊಸ ರಾಸನ್ನು ಮೂರು ವಾರ ಬೇರೆ ಕಟ್ಟಿ, ಬೇರೆ ನೀರು ಕೊಡಿ, ಲಸಿಕೆ ಆಗಿದೆಯೇ ಕೇಳಿ.

ಸಂಘದಲ್ಲಿ ನಿಮ್ಮ ಹೆಸರು

ಹಸುವಿಗೆ ಮೇವು ಹಾಕುವವರು ನೀವು, ಸಗಣಿ ಬಾಚುವವರು ನೀವು, ಬೆಳಿಗ್ಗೆ ಐದಕ್ಕೆ ಎದ್ದು ಕರೆಯುವವರು ನೀವು. ಆದರೆ ಎಷ್ಟೋ ಮನೆಗಳಲ್ಲಿ ಸಂಘದ ಸದಸ್ಯತ್ವ ಯಜಮಾನರ ಹೆಸರಿನಲ್ಲಿದೆ. ಸರ್ವಸದಸ್ಯರ ಸಭೆಗೆ ಹೋಗುವವರು ಅವರು, ಕೈ ಎತ್ತುವವರು ಅವರು. ಡೆಲ್ಲಿಗೆ ಹೋಗುವ ದನಿ ಸಂಘದಿಂದಲೇ ಹೊರಡಬೇಕಾದ್ದರಿಂದ ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಆ ದನಿಯಲ್ಲಿ ನೀವೂ ಇರುವುದಿಲ್ಲ.

ಕಾರ್ಯದರ್ಶಿಯ ಹತ್ತಿರ ಹೋಗಿ ನಿಮ್ಮ ಹೆಸರಿನಲ್ಲಿ ಷೇರು, ನಿಮ್ಮ ಹೆಸರಿನಲ್ಲಿ ಪಾಸ್‌ಬುಕ್, ನಿಮ್ಮ ಖಾತೆಗೆ ಬಟವಾಡೆ ಮಾಡಿಸಿಕೊಳ್ಳಿ. ಮತ ಹಾಕುವ ಹಕ್ಕು ಉಳಿಯಲು ಎಷ್ಟು ದಿನ, ಎಷ್ಟು ಹಾಲು ಹಾಕಬೇಕು, ಎಷ್ಟು ಸಭೆಗೆ ಬರಬೇಕು ಎಂದು ಬೈಲಾ ಓದಿಸಿಕೊಳ್ಳಿ. ಮಹಿಳಾ ಹಾಲು ಉತ್ಪಾದಕರ ಸಂಘ ಇರುವ ಊರಿನವರು ಇದನ್ನು ಆಗಲೇ ಮಾಡಿದ್ದೀರಿ. ಪಕ್ಕದ ಊರಿನವರಿಗೂ ಹೇಳಿ.

ಈ ಸಾರಿಯ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ ನೋಡಿ: ನಮ್ಮ ಸಂಘದ ಹಾಲು ಗುಣಮಟ್ಟದಲ್ಲಿ ಎಷ್ಟು ಸಾರಿ ತಿರಸ್ಕಾರವಾಗಿದೆ, ಯಾಕೆ? ನಮಗೆ ಬರುವ ಹಿಂಡಿ, ಪಶು ಆಹಾರವನ್ನು ಪರೀಕ್ಷೆ ಮಾಡಿಸಿದ್ದೀರಾ? ಹಾಲು ಹೆಚ್ಚಾದ ತಿಂಗಳಲ್ಲಿ ಒಕ್ಕೂಟ ನಮ್ಮ ಹಾಲನ್ನು ಏನು ಮಾಡುತ್ತದೆ, ಅದರಲ್ಲಿ ನಷ್ಟವೆಷ್ಟು? ಹೊಸ ವ್ಯಾಪಾರ ಒಪ್ಪಂದದ ಮಾತು ಬಂದಾಗ ನಮ್ಮ ಸಂಘದಿಂದ ಒಕ್ಕೂಟಕ್ಕೆ ಠರಾವು ಕಳಿಸೋಣವೇ? ಪ್ರಶ್ನೆಯೂ ಉತ್ತರವೂ ನಡಾವಳಿ ಪುಸ್ತಕದಲ್ಲಿ ಬರೆಸಿ.

ಸುಂಕ ಏರಿಸುವುದು, ಇಳಿಸುವುದು ನಮ್ಮ ಕೈಯಲ್ಲಿಲ್ಲ. ಹಿಂಡಿ ಚೀಲ ಹಲಗೆಯ ಮೇಲಿಡುವುದು, ಲಸಿಕೆಯ ದಿನ ರಾಸನ್ನು ಕಟ್ಟಿಹಾಕುವುದು, ಸಭೆಯ ದಿನ ಹೋಗಿ ಕೂರುವುದು ನಮ್ಮ ಕೈಯಲ್ಲಿದೆ. ನಿಮ್ಮೂರಿನ ಲಸಿಕೆ ದಿನಾಂಕವನ್ನು ಡೈರಿಯ ಫಲಕದಲ್ಲಿ ಬರೆಸಿರುತ್ತೇವೆ. ಆವತ್ತು ರಾಸುಗಳನ್ನು ಮನೆಯಲ್ಲೇ ಉಳಿಸಿಕೊಳ್ಳಿ. ಹಿಂಡಿಯ ಬಗ್ಗೆ ಅನುಮಾನವಿದ್ದರೆ ಒಂದು ಹಿಡಿ ತಂದು ತೋರಿಸಿ.